ಹಿಟ್ಟು ತೊಳಸುವವನ ಬಲಗಾಲು

ಕುದಿಯುವ ಸಾರು ಬಲಪಾದದ ಮೇಲೆ ಚೆಲ್ಲಿತು, ನನಗೆ ಗೊತ್ತಾಗಲಿಲ್ಲ. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸು "ಅಯ್ಯೋ ಕಾಲು, ಕಾಲು!" ಎಂದು ಕೂಗಿಕೊಂಡ ಮೇಲೆ ಬಗ್ಗಿ ನೋಡಿದೆ. ಚರ್ಮ ಕೆಂಪಾಗಿ ಊದಿಕೊಂಡಿತ್ತು. ನೋವಿರಲಿಲ್ಲ. "ಒಲೆ ಮುಂದೆ ನಿಂತೂ ನಿಂತೂ ಅಭ್ಯಾಸ ಆಗ್ಬುಟ್ಟೈತೆ ಬುಡವ್ವ" ಎಂದು ನಕ್ಕು, ಒಂದು ಚೊಂಬು ತಣ್ಣೀರು ಸುರಿದುಕೊಂಡು ಕೆಲಸ ಮುಂದುವರಿಸಿದೆ. ನೋವಾಗದೇ ಇದ್ದದ್ದೇ ಕಾಯಿಲೆ ಅನ್ನುವುದು ಆಗ ನನಗೆ ತಿಳಿದಿರಲಿಲ್ಲ.

ನಾನು ಪುಟ್ಟಸ್ವಾಮಿ. ಹುಟ್ಟಿದ್ದು ಮರಳವಾಡಿ ಪಕ್ಕದ ಹಳ್ಳಿಯಲ್ಲಿ, ಈಗ ಇರುವುದು ರಾಮನಗರದಲ್ಲಿ. ಬೀಗರ ಊಟ ಮಾಡಿಕೊಡುವುದು ನನ್ನ ಕಸುಬು. ಮದುವೆ ಮುಗಿದ ಮೇಲೆ ಎರಡೂ ಕಡೆಯ ನೆಂಟರು ಒಟ್ಟಿಗೆ ಕೂತು ಉಣ್ಣುವ ಮಾಂಸದೂಟ ಅದು. ಐನೂರು, ಎಂಟುನೂರು ಎಲೆ. ಸಾರು ಯಾರು ಬೇಕಾದರೂ ಕಾಯಿಸಬಹುದು. ಹಿಟ್ಟು ತೊಳಸುವವನು ಬೇಕು. ಮುದ್ದೆಗೆ ನಮ್ಮ ಕಡೆ ಹಿಟ್ಟು ಅಂತಲೇ ಹೆಸರು. ಸೊಂಟದ ಎತ್ತರದ ಪಾತ್ರೆಯಲ್ಲಿ ನೀರು ಕುದಿಸಿ, ರಾಗಿಹಿಟ್ಟು ಸುರಿದು, ಅದು ಗಟ್ಟಿಯಾಗುತ್ತಿರುವಾಗ ಆಳೆತ್ತರದ ಕೋಲಿನಲ್ಲಿ ತಿರುವಬೇಕು, ತೊಳಸುವುದು ಅಂದರೆ ಅದೇ. ಪಾತ್ರೆ ಅಲ್ಲಾಡದಂತೆ ಇಬ್ಬರು ಕವೆಗೋಲು ಹಾಕಿ ಹಿಡಿಯುತ್ತಾರೆ. ತಿರುವುವವನು ಒಬ್ಬನೇ. ಮೂವತ್ತು ವರ್ಷ ಅದನ್ನು ಮಾಡಿದವನು ನಾನು. ಆರಡಿ ಎತ್ತರ, ಅದಕ್ಕೆ ತಕ್ಕ ಗಾತ್ರ. ಜನ ನನ್ನನ್ನು ಊಟಕ್ಕೆ ಗೊತ್ತು ಮಾಡುವಾಗ ಮೊದಲು ನನ್ನ ತೋಳು ನೋಡುತ್ತಿದ್ದರು.

ಶುಗರ್ ಇದೆ ಎಂದು ಆರು ವರ್ಷದ ಹಿಂದೆಯೇ ಹೇಳಿದ್ದರು. ನೆನಪಾದ ದಿನ ಮಾತ್ರೆ ನುಂಗುತ್ತಿದ್ದೆ. ಸುಟ್ಟ ಪಾದಕ್ಕೆ ಅರಿಸಿನ ಮೆತ್ತಿ, ಬಟ್ಟೆ ಸುತ್ತಿ, ಇನ್ನೂ ಎರಡು ಮದುವೆ ಮುಗಿಸಿದೆ. ಮೂರನೆಯದಕ್ಕೆ ಹೊರಟ ಬೆಳಿಗ್ಗೆ ನನ್ನ ಹೆಂಡತಿ ಜಯಮ್ಮ ಬಾಗಿಲಿಗೆ ಅಡ್ಡ ನಿಂತಳು.

"ರೀ, ಆ ಬಟ್ಟೆ ಬಿಚ್ಚಿ. ಎರಡು ದಿನದಿಂದ ಮನೇಲಿ ಏನೋ ವಾಸ್ನೆ. ಇಲಿ ಸತ್ತೈತೆ ಅಂತ ಮಂಚದ ಕೆಳಗೆಲ್ಲ ಹುಡುಕ್ಬುಟ್ಟೆ."

ಬಿಚ್ಚಿದೆ. ಅವಳು ಬಗ್ಗಿ ನೋಡಿದಳು. ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದು ಆಟೊ ಕರೆದಳು.

ರಾಮನಗರದ ಆಸ್ಪತ್ರೆಯಿಂದ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಮೊದಲ ದಿನ ಎರಡು ಬೆರಳು ಅಂದರು. ನಾಲ್ಕನೇ ದಿನ ಪಾದ ಅಂದರು. ವಾರ ಕಳೆದ ಮೇಲೆ, ಮೊಣಕಾಲಿನ ಕೆಳಗೆ ಅಂದರು. ಪ್ರತಿ ಸಲವೂ ಆ ಮಾತು ಕೇಳಲು ನಾವು ಹೊರಗೆ ಕಾಯಬೇಕಿತ್ತು. ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಗಳು ನನ್ನನ್ನು ತಡೆಯುತ್ತಿರಲಿಲ್ಲ. ಒಂದರ ಮೇಲೆ ಒಂದು, ಮೂರು ಕುರ್ಚಿ ಜೋಡಿಸಿ ಜಯಮ್ಮ ಕೂರಿಸುತ್ತಿದ್ದಳು. ಎರಡನೇ ದಿನವೇ ಇದನ್ನು ಗಮನಿಸಿದ್ದ ಆಯಾ ಒಬ್ಬರು, ನಾವು ಬರುವುದು ಕಂಡರೆ ಎಲ್ಲಿಂದಲೋ ಒಂದು ಮರದ ಬೆಂಚು ಎಳೆದು ತಂದು ಹಾಕುತ್ತಿದ್ದರು. ಒಂದು ಮಾತೂ ಇಲ್ಲ, ಒಂದು ನಗುವೂ ಇಲ್ಲ. ಬೆಂಚು ಹಾಕಿ ಹೋಗುತ್ತಿದ್ದರು. ಆ ದಿನಗಳಲ್ಲಿ ನನಗೆ ಧೈರ್ಯ ಕೊಟ್ಟದ್ದು ಯಾರ ಮಾತೂ ಅಲ್ಲ, ಆ ಬೆಂಚು.

ಆಪರೇಷನ್ ಮುಗಿಸಿದ ಡಾಕ್ಟರು "ಮಂಡಿ ಉಳಿಸಿದ್ದೀವಿ, ಅದು ದೊಡ್ಡದು" ಅಂದರು. ನನಗೆ ಆಗ ಅದು ದೊಡ್ಡದು ಅನ್ನಿಸಲಿಲ್ಲ. ಊರಿಂದ ಬಂದ ನನ್ನ ಅಕ್ಕ ವಾರ್ಡಿನ ಬಾಗಿಲಲ್ಲೇ ಎದೆ ಬಡಿದುಕೊಂಡು ಅತ್ತಳು. ಪಕ್ಕದ ಹಾಸಿಗೆಯವರೆಲ್ಲ ಎದ್ದು ಕೂತರು. ಅತ್ತು ಮುಗಿದ ಮೇಲೆ ಹೊದಿಕೆ ಸರಿಸಿ ಕಾಲು ನೋಡಿದಳು, ಮೂಗು ಒರೆಸಿಕೊಂಡು ಕೇಳಿದಳು: "ಪುಟ್ಟ, ಹೊಟ್ಟೆಗೇನಾದ್ರೂ ತಿಂದ್ಯಾ?"

ಗಾಯ ಮಾಯಲು ಐದು ತಿಂಗಳಾಯಿತು. ಆಮೇಲೆ ಚನ್ನಪಟ್ಟಣದಲ್ಲಿ ಕೃತಕ ಕಾಲು ಜೋಡಿಸುವ ಶಿಬಿರ ಇದೆ ಎಂದು ಯಾರೋ ಹೇಳಿದರು. ಹೋಗಿ ನೋಡಿದರೆ, ನಾನೇ ಎಷ್ಟೋ ಸಲ ಅಡುಗೆ ಮಾಡಿದ್ದ ಕಲ್ಯಾಣ ಮಂಟಪ. ಊಟದ ಕೋಣೆಯ ನಟ್ಟನಡುವೆ ತೂಕದ ಯಂತ್ರ ಇಟ್ಟಿದ್ದರು. ಸುತ್ತ ಜನ. ಹಿಂದೆ ಸಾಲು. ಒಂಟಿ ಕಾಲಿನಲ್ಲಿ ಅದರ ಮೇಲೆ ಹತ್ತಬೇಕು, ಹತ್ತಿದ ಮೇಲೆ ಒಬ್ಬ ಗಟ್ಟಿಯಾಗಿ ಸಂಖ್ಯೆ ಕೂಗುತ್ತಾನೆ, ಇನ್ನೊಬ್ಬರು ಬರೆದುಕೊಳ್ಳುತ್ತಾರೆ. ನನ್ನ ಮೈಯೆಲ್ಲ ಬಿಸಿಯಾಯಿತು.

"ನನ್ ತೂಕ ನಂಗೆ ಗೊತ್ತು. ತೊಂಬತ್ತೈದು" ಅಂದುಬಿಟ್ಟೆ.

ಬರೆಯುತ್ತಿದ್ದಾಕೆ ತಲೆಯೆತ್ತಿ ನೋಡಿದಳು. ಸಾಲು ಉದ್ದವಿತ್ತು. ಬರೆದುಕೊಂಡಳು. "ಏನ್ ಕೆಲ್ಸ ಮಾಡ್ತೀರ?"

"ಅಂಗಡಿ. ಕೂತ್ಕೊಂಡ್ ಮಾಡೋ ಕೆಲ್ಸ."

ಎರಡೂ ಸುಳ್ಳು. ಯಾಕೆ ಹೇಳಿದೆ ಎಂದು ಇಂದಿಗೂ ಪೂರ್ತಿ ಗೊತ್ತಿಲ್ಲ. ಕಾಲು ಹೋದದ್ದಕ್ಕಿಂತ ಹೆಚ್ಚು ನಾಚಿಕೆ ನನಗೆ ನನ್ನ ದಪ್ಪದ ಬಗ್ಗೆ ಆಗಿತ್ತು. ತಿಂದು ತಿಂದು ಕಾಲು ಕಳೆದುಕೊಂಡ ಎಂದು ಅಲ್ಲಿದ್ದವರೆಲ್ಲ ಅಂದುಕೊಳ್ಳುತ್ತಾರೆ ಅನ್ನಿಸಿತ್ತು. ನನ್ನಂಥ ಗಾತ್ರದವರು ಇದನ್ನು ಓದುತ್ತಿದ್ದರೆ, ನಾನು ಹೇಳುತ್ತಿರುವುದು ನಿಮಗೆ ಅರ್ಥವಾಗುತ್ತದೆ.

ಆ ಕಾಲು ಒಳ್ಳೆಯ ಕಾಲೇ. ತೊಂಬತ್ತೈದು ಕೆ.ಜಿ. ಇದ್ದು, ಅಂಗಡಿಯಲ್ಲಿ ಕೂರುವವನಿಗೆ. ಮೊದಲ ದಿನ ಅದನ್ನು ಹಾಕಿಕೊಂಡು ಬೀದಿ ತುದಿಯವರೆಗೆ ನಡೆದಾಗ ಜಯಮ್ಮ ಹಿಂದೆ ಹಿಂದೆಯೇ ಬರುತ್ತಾ, ಎದುರು ಸಿಕ್ಕವರಿಗೆಲ್ಲ "ನಡೀತಾವ್ರೆ ನೋಡಿ" ಎಂದು ಹೇಳುತ್ತಿದ್ದಳು. ಎರಡು ತಿಂಗಳಿಗೆ ನಾನು ಮತ್ತೆ ಒಲೆಯ ಹತ್ತಿರ ಬಂದೆ. ಹಿಟ್ಟು ತೊಳಸಲು ನನ್ನ ಜೊತೆಗಾರ ಚೆಲುವರಾಜು ಬಿಡಲಿಲ್ಲ. ಕನಕಪುರದವನು, ಇಪ್ಪತ್ತು ವರ್ಷದಿಂದ ನನ್ನ ಜೊತೆಯಲ್ಲೇ ಕೆಲಸ. ನಾನು ಪಾತ್ರೆ ಸಾಗಿಸುವುದು, ಮಾಂಸ ತೊಳೆಯುವುದು, ಮಸಾಲೆ ನೋಡುವುದು ಮಾಡುತ್ತಿದ್ದೆ. ಹಿಮ್ಮಡಿಯಿಂದ ಟಕ್ ಟಕ್ ಎಂದು ಸದ್ದು ಬರಲು ಶುರುವಾಯಿತು. ಹೊಸ ಚಪ್ಪಲಿ ಕಿರುಗುಟ್ಟುವ ಹಾಗೆ ಇದೂ ಇರಬೇಕು ಎಂದುಕೊಂಡೆ.

ಕನಕಪುರದ ಆಚೆ ಒಂದು ಊಟದ ದಿನ, ಖಾಲಿ ಪಾತ್ರೆಯೊಂದನ್ನು ಎತ್ತಿಕೊಂಡು ಹೋಗುತ್ತಿದ್ದಾಗ ಕಾಲ ಕೆಳಗೆ ಸೌದೆ ಮುರಿದಂಥ ಸದ್ದಾಯಿತು. ಪಾದ ಅಡ್ಡಡ್ಡ ಸೀಳಿತ್ತು. ನಾನು ಪಾತ್ರೆಯ ಸಮೇತ ರಾಗಿಹಿಟ್ಟಿನ ಮೂಟೆಗಳ ಮೇಲೆ ಬಿದ್ದೆ. ಏಟಾಗಲಿಲ್ಲ. ಚೆಲುವರಾಜು ಓಡಿ ಬಂದು ನನ್ನನ್ನು ಎತ್ತಿ ಕೂರಿಸಿದ.

"ಲೇ, ಇದೇ ಪಾತ್ರೇಲಿ ಕಾಲು ಗಂಟೆ ಹಿಂದೆ ಕುದ್ಯೋ ನೀರು ಹೊತ್ಕೊಂಡ್ ಬಂದ್ಯಲ್ಲೋ! ಆಗ ಮುರಿದಿದ್ರೆ? ನೀನೊಬ್ನೇ ಅಲ್ಲ ಕಣ್ಲಾ, ಈರುಳ್ಳಿ ಹೆಚ್ತಾ ಕೂತಿರೋ ಹೆಂಗಸ್ರೆಲ್ಲ ಅಲ್ಲೇ ಇದ್ರು."

ನಾನು ಸೀಳಿದ ಕಾಲನ್ನು ಬಿಚ್ಚಿ ಪಕ್ಕಕ್ಕಿಟ್ಟೆ.

"ಇನ್ಮೇಲೆ ಒಲೆ ಹತ್ರ ಬರ್ಬ್ಯಾಡ ಕಣ್ಲಾ. ಒಂದು ಕುರ್ಚಿ ಹಾಕಿಸ್ತೀನಿ, ಕೂತ್ಕೊಂಡು ಬಾಯಲ್ಲಿ ಹೇಳು. ನಾವ್ ಮಾಡ್ತೀವಿ."

ಅವನು ಹೇಳಿದ್ದರಲ್ಲಿ ತಪ್ಪೇನಿಲ್ಲ. ಆದರೆ ಆ ಮಾತು ಆಪರೇಷನ್ನಿನ ದಿನಕ್ಕಿಂತ ಹೆಚ್ಚು ನೋಯಿಸಿತು. ಕಾಲು ಹೋದಾಗ ಕಾಲು ಮಾತ್ರ ಹೋಗಿತ್ತು. ಮನೆಗೆ ಬಂದು ಗೋಡೆ ಕಡೆ ಮುಖ ಮಾಡಿ ಮಲಗಿದೆ.

ನನ್ನ ಮಗಳು ಸುಷ್ಮಾ ಬಿಡದಿಯ ಒಂದು ಕಾರ್ಖಾನೆಯಲ್ಲಿ, ವಾಹನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದಾಳೆ. ಸಂಜೆ ರೈಲಿಳಿದು ಮನೆಗೆ ಬಂದವಳು, ಚಹಾ ಕೂಡ ಕುಡಿಯದೆ, ಮುರಿದ ಪಾದವನ್ನು ಕೈಗೆತ್ತಿಕೊಂಡು ಕಿಟಕಿಯ ಹತ್ತಿರ ಹೋದಳು. ಸೀಳಿದ ಜಾಗವನ್ನು ಬೆರಳಿನಿಂದ ಸವರಿದಳು. ತಿರುಗಿಸಿ ತಿರುಗಿಸಿ ನೋಡಿದಳು.

"ಅಪ್ಪ, ಇದ್ರ ಮೇಲೆ ನೂರು ಅಂತ ಅಚ್ಚು ಹಾಕವ್ರೆ. ನೂರು ಕೆ.ಜಿ.ವರೆಗೆ ಅಂತ. ಕ್ಯಾಂಪಲ್ಲಿ ನಿನ್ ತೂಕ ನೋಡ್ಲಿಲ್ವಾ?"

ನಾನು ಗೋಡೆ ನೋಡುತ್ತಲೇ ಇದ್ದೆ.

"ಅಪ್ಪ. ಎಷ್ಟು ಅಂತ ಹೇಳ್ದೆ?"

"ತೊಂಬತ್ತೈದು."

ಮೊದಲು ನಕ್ಕದ್ದು ಜಯಮ್ಮ. ನಗು ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. "ಮದ್ವೆಗೆ ನೋಡಕ್ ಬಂದಾಗ್ಲೂ ತೊಂಬತ್ತೈದಕ್ಕಿಂತ ಹೆಚ್ಗೇ ಇದ್ರಲ್ರೀ!" ಸುಷ್ಮಾಳೂ ನಕ್ಕಳು. ನನಗೂ ನಗು ಬಂತು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು ಬಂತು. ತಿಂಗಳುಗಟ್ಟಲೆ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕಲ್ಲು ಇಳಿದ ಹಾಗಾಯಿತು. ಮಗಳು ಮಂಚದ ತುದಿಯಲ್ಲಿ ಕೂತು ಹೇಳಿದಳು, "ನಮ್ ಫ್ಯಾಕ್ಟ್ರೀಲಿ ಒಂದು ಸಣ್ಣ ಬೋಲ್ಟಿಗೂ ಎಷ್ಟು ಭಾರ ಬೀಳ್ತದೆ ಅಂತ ಕೇಳ್ಕೊಂಡೇ ಮಾಡೋದು. ಸುಳ್ಳು ಲೆಕ್ಕ ಕೊಟ್ರೆ ಅದೇನ್ ಮಾಡ್ತದೆ, ಪಾಪ."

ಬೆಂಗಳೂರಿನಲ್ಲಿ ಕೃತಕ ಕಾಲು ಮಾಡುವ ಒಂದು ಚಿಕ್ಕ ಕೇಂದ್ರವನ್ನು ಅವಳೇ ಹುಡುಕಿದಳು. ಅಲ್ಲಿ ಕಾಲು ಕಟ್ಟುವವರು ನಾಜಿಯಾ ಎಂಬ ಹೆಣ್ಣುಮಗಳು. ನಮ್ಮ ಪಕ್ಕದ ಚನ್ನಪಟ್ಟಣದವರೇ ಎಂದು ತಿಳಿದು ನನಗೆ ಅರ್ಧ ಸಮಾಧಾನ. ಮೊದಲು ಅವರು ಮಾಡಿದ ಕೆಲಸ ಬಾಗಿಲು ಹಾಕಿದ್ದು. ಆಮೇಲೆ ತೂಕದ ಯಂತ್ರವನ್ನು ಗೋಡೆಗೆ ಹಾಕಿದ್ದ ಕಂಬಿಯ ಪಕ್ಕಕ್ಕೆ ಎಳೆದು, ಹಿಡಿದುಕೊಂಡು ಹತ್ತಿ, ನಿಂತ ಮೇಲೆ ಒಂದೇ ಒಂದು ಕ್ಷಣ ಕೈ ಬಿಡಿ ಅಂದರು. ನೂರ ಇಪ್ಪತ್ತೊಂದು. ಅವರು ಅದನ್ನು ಬಾಯಲ್ಲಿ ಹೇಳಲಿಲ್ಲ. ಹುಬ್ಬೂ ಏರಿಸಲಿಲ್ಲ. ಬರೆದುಕೊಂಡರು ಅಷ್ಟೇ.

"ಕೈಲಿ ಏನಾದ್ರೂ ಹೊರ್ತೀರಾ?"

"ಪಾತ್ರೆ ಹೊರ್ತೀನಿ ಮೇಡಂ. ನೀರಿದ್ರೆ ಮೂವತ್ತು ಕೆ.ಜಿ. ಆಗ್ಬೋದು."

"ಹಾಗಾದ್ರೆ ಕಾಲು ಹೊರೋದು ನೂರ ಇಪ್ಪತ್ತೊಂದಲ್ಲ, ನೂರ ಐವತ್ತೊಂದು. ಅದನ್ನೇ ಬರ್ಕೋತೀನಿ. ಇನ್ನೇನ್ ಮಾಡ್ತೀರಿ?"

ಹಿಟ್ಟು ತೊಳಸುವ ವಿಷಯ ಹೇಳಿದೆ. ಅದು ಹೇಗೆ ಎಂದು ತೋರಿಸಿ ಅಂದರು. ನೆಲ ಒರೆಸುವ ಕೋಲು ತಂದು ಕೈಗೆ ಕೊಟ್ಟರು, ಒಂದು ದೊಡ್ಡ ಕಸದ ಬುಟ್ಟಿ ಮುಂದಿಟ್ಟರು. ಜಯಮ್ಮ ಕವೆಗೋಲಿನವರ ಥರ ಬುಟ್ಟಿ ಹಿಡಿದುಕೊಂಡಳು. ಪರೀಕ್ಷೆಗಿಟ್ಟಿದ್ದ ಹಳೆಯ ಗಟ್ಟಿ ಪಾದವೊಂದನ್ನು ಮುರಿದ ಪಾದದ ಜಾಗಕ್ಕೆ ಜೋಡಿಸಿ, ನಾಜಿಯಾ ಮೇಡಂ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತರು. ನಾನು ಖಾಲಿ ಬುಟ್ಟಿಯಲ್ಲಿ ಹಿಟ್ಟು ತೊಳಸಿದೆ. ಹೊರಗೆ ಕಾಯುತ್ತಿದ್ದವರು ಒಳಗೆ ಇಣುಕಿದ್ದರೆ ಏನೆಂದುಕೊಳ್ಳುತ್ತಿದ್ದರೋ.

"ನಿಲ್ಸಿ. ನೋಡಿ, ನಿಮ್ ಮೈ ತಿರುಗ್ತಾ ಇದೆ, ಪಾದ ನೆಟ್ಟಗೆ ನೆಲ ಕಚ್ಕೊಂಡಿದೆ. ಆ ತಿರುವೆಲ್ಲ ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೆ ಮೇಡಂ?"

"ನಿಮ್ ಚರ್ಮಕ್ಕೆ. ಸಾಕೆಟ್ ಒಳಗೆ ಚರ್ಮ ಉಜ್ಜಿಕೊಳ್ಳುತ್ತೆ. ನಿಮಗೋ ನೋವು ಗೊತ್ತಾಗಲ್ಲ."

ಸಾಕೆಟ್ ಅಂದರೆ ಉಳಿದ ಕಾಲು ಒಳಗೆ ಕೂರುವ ಬಟ್ಟಲು. ಅಲ್ಲಿಯವರೆಗೂ ನಾನು ಕಬ್ಬಿಣದ ಗದೆಯಂಥ ಒಂದು ಕಾಲು ಬೇಕು ಎಂದು ಕೇಳಲು ಹೋಗಿದ್ದೆ. ಪೂರ್ತಿ ಗಟ್ಟಿಯಾಗಿ ಮಾಡಿದರೆ ಕಾಲು ಮುರಿಯುವುದಿಲ್ಲ, ಚರ್ಮ ಒಡೆಯುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಮುರಿದ ಪಾದ ಇನ್ನೊಂದು ತರಬಹುದು, ಹುಣ್ಣಾದರೆ ಮಂಡಿಯೂ ಹೋಗಬಹುದು. ಡಾಕ್ಟರು ಅಂದು ಮಂಡಿ ದೊಡ್ಡದು ಅಂದದ್ದು ನನಗೆ ಆಗ ಅರ್ಥವಾಯಿತು.

ಮೇಜಿನ ಮೇಲೆ ಮೂರು ಪಾದ ಇಟ್ಟರು. ಒಂದು ಕಪ್ಪಗೆ, ತೆಳ್ಳಗೆ, ಬಾಗಿದ ಬಿದಿರಿನ ಸೀಳಿನಂತೆ. ಅದನ್ನು ಹಾಕಿಕೊಂಡು ಓಡುವವರನ್ನು ಸುಷ್ಮಾ ಮೊಬೈಲಿನಲ್ಲಿ ತೋರಿಸಿದ್ದಳು. ನನ್ನ ಕೈ ನೇರ ಅದಕ್ಕೇ ಹೋಯಿತು. "ನಿಮ್ ತೂಕಕ್ಕೂ ಸಿಗುತ್ತೆ" ಅಂದರು ಮೇಡಂ, "ಆದ್ರೆ ಇದು ಸದಾ ಮುಂದಕ್ಕೆ ತಳ್ಳುತ್ತೆ. ನೀವು ಓಡೋರಲ್ಲ, ಒಲೆ ಮುಂದೆ ಹತ್ತು ಗಂಟೆ ನಿಲ್ಲೋರು." ಎರಡನೆಯದಕ್ಕೆ ಅಲ್ಲಾಡುವ ಗೆಣ್ಣಿತ್ತು. ಏರುತಗ್ಗಿನ ನೆಲಕ್ಕೆ ಹೇಳಿ ಮಾಡಿಸಿದ್ದು, ಆದರೆ ನೀರು, ಮಣ್ಣು, ಎಣ್ಣೆ ಜಿಡ್ಡು ಒಳಗೆ ಸೇರುತ್ತದೆ. ಮೂರನೆಯದು ದಪ್ಪ, ಕುರೂಪ, ಅಗಲ ಹಿಮ್ಮಡಿ. ಯಾರ ಕಣ್ಣೂ ಹೋಗದಂಥದ್ದು. ಅದರ ಮೇಲೆ ನೂರ ಅರವತ್ತು ಎಂದಿತ್ತು.

ಅದನ್ನೇ ಆರಿಸಿಕೊಂಡೆವು. ಕಾಲಿನ ಕೊಳವೆ ಮತ್ತು ಕೀಲುಗಳೂ ಅಷ್ಟೇ ಭಾರ ತಡೆಯುವಂಥವು. ಬಟ್ಟಲಿಗೆ ಮಾಮೂಲಿಗಿಂತ ಹೆಚ್ಚು ಪದರ ಕಾರ್ಬನ್ ಬಟ್ಟೆ. ಪಾದದ ಮೇಲ್ಗಡೆ, ಮೈ ತಿರುಗಿದರೆ ತಾನೂ ಒಸಿ ತಿರುಗಿ ಮತ್ತೆ ನೆಟ್ಟಗಾಗುವ ಒಂದು ಗಿಡ್ಡ ತುಂಡು. "ಇದೊಂದು ಹೆಚ್ಚಿನ ಭಾಗ, ಹೆಚ್ಚು ಭಾಗ ಇದ್ದಷ್ಟೂ ಕೆಡೋದೂ ಹೆಚ್ಚು" ಎಂದು ಸುಷ್ಮಾ ಅನುಮಾನ ಎತ್ತಿದಳು. ಮೇಡಮ್ಮಿಗೆ ಖುಷಿಯಾಯಿತು. ಇಬ್ಬರೂ ಅರ್ಧ ಗಂಟೆ ಇಂಗ್ಲಿಷಿನಲ್ಲಿ ವಾದ ಮಾಡಿದರು. ಕೊನೆಗೆ ಆರು ತಿಂಗಳಿಗೊಮ್ಮೆ ಬಿಚ್ಚಿ ನೋಡುವ ಕರಾರಿನ ಮೇಲೆ ಆ ತುಂಡು ಉಳಿಯಿತು. ಚರ್ಮದ ಬಣ್ಣದ ಸ್ಪಂಜಿನ ಹೊದಿಕೆ ಬೇಕೆ ಎಂದು ಕೇಳಿದರು. ಸಾರು ಚೆಲ್ಲಿದರೆ ಹೀರಿಕೊಂಡು ಕೂರುತ್ತದಂತೆ. ಬೇಡವೆಂದೆ. ಹಾಗಾಗಿ ನನ್ನ ಕಾಲು ಈಗ ನೋಡಿದವರಿಗೆ ಕಾಲಲ್ಲ, ಒಂದು ಸಲಕರಣೆ. ಅದಕ್ಕೆ ಒಗ್ಗಿಕೊಳ್ಳಲು ನನಗೆ ಒಂದಷ್ಟು ದಿನ ಹಿಡಿಯಿತು.

ಇನ್ನೂ ಒಂದು ಮಾತು ಹೇಳಿದರು ಮೇಡಂ. "ಮೂವತ್ತು ವರ್ಷ ಬಲಗಾಲು ಊರಿ ತಿರುವಿದ್ದೀರಿ. ಇನ್ನು ಎಡಗಾಲು ಮುಂದಿಟ್ಟು ಕಲೀಬೇಕು." ಅದು ಎಲ್ಲಕ್ಕಿಂತ ಕಷ್ಟದ್ದು. ಮನೆಯಲ್ಲಿ ಮೂರು ಜನಕ್ಕೆ ಆಗುವಷ್ಟು ಹಿಟ್ಟನ್ನು ದಿನಾ ನಾನೇ ತೊಳಸತೊಡಗಿದೆ, ಎಡಗಾಲು ಮುಂದಿಟ್ಟು. ಮೊದಲ ಹದಿನೈದು ದಿನ ನಮ್ಮ ಮನೆಯವರು ತಿಂದ ಮುದ್ದೆಯನ್ನು ಬೇರೆ ಯಾರಿಗೂ ಬಡಿಸುವಂತಿರಲಿಲ್ಲ. ಜಯಮ್ಮ ಒಂದು ಕೈಕನ್ನಡಿ ಇಟ್ಟುಕೊಂಡು, ನಾನು ಕಾಲು ಬಿಚ್ಚಿದಾಗಲೆಲ್ಲ ಮೋಟುಗಾಲಿನ ಸುತ್ತ ನೋಡುತ್ತಿದ್ದಳು. ಕೆಂಪು ಕಂಡರೆ ಆ ದಿನಕ್ಕೆ ಕೋಲು ಬಂದ್. ಮಾತ್ರೆ, ಇನ್ಸುಲಿನ್ನಿಗೂ ಅವಳದೇ ಕಾವಲು. ನಮ್ಮ ಮದುವೆಯಾದ ಇಪ್ಪತ್ತೇಳು ವರ್ಷದಲ್ಲಿ ಅವಳು ನನ್ನನ್ನು ಇಷ್ಟು ಹತ್ತಿರದಿಂದ ನೋಡಿರಲಿಲ್ಲ ಎಂದು ಒಂದು ದಿನ ಅಂದೆ. "ಮುಂಚೆ ನೋಡಕ್ಕೆ ಮನೇಲಿ ಎಲ್ಲಿರ್ತಿದ್ರಿ?" ಅಂದಳು.

ಮಾಗಡಿ ಕಡೆ ಒಂದು ತೆಂಗಿನ ತೋಟದಲ್ಲಿ ಊಟ ಒಪ್ಪಿಕೊಂಡಿದ್ದೆವು. ಚೆಲುವರಾಜು ನನಗಾಗಿ ನೆರಳಿನಲ್ಲಿ ಕುರ್ಚಿ ಹಾಕಿಸಿದ್ದ. ನಾನು ಕೂರಲಿಲ್ಲ. ಮೊದಲ ಪಾತ್ರೆಯ ನೀರು ಮರಳುವ ಹೊತ್ತಿಗೆ ಹೋಗಿ ಅವನ ಪಕ್ಕ ನಿಂತೆ.

"ಯಾಕ್ಲಾ ಬಂದೆ?"

"ಈ ಒಂದು ಪಾತ್ರೆ ನಂಗೆ ಬುಡು."

"ಬ್ಯಾಡ ಕಣ್ಲಾ ಪುಟ್ಸಾಮಿ."

ನಾನು ಪ್ಯಾಂಟು ಮಂಡಿಯವರೆಗೆ ಮಡಚಿ ಕಾಲು ತೋರಿಸಿದೆ. ಪಾದದ ಮೇಲಿನ ನೂರ ಅರವತ್ತರ ಅಚ್ಚಿನ ಮೇಲೆ ಬೆರಳಿಟ್ಟೆ. ಅವನು ಬಗ್ಗಿ ಓದಿದ. ಕೊಳವೆಯನ್ನು ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದ. ಆಮೇಲೆ ತಾನೇ ಹೋಗಿ ಒಲೆಯ ಸುತ್ತ ಇದ್ದ ತೆಂಗಿನ ಮಟ್ಟೆಯ ಚೂರುಗಳನ್ನೆಲ್ಲ ಆರಿಸಿ, ನೆಲ ತುಳಿದು ಸಮ ಮಾಡಿ, ಹೆಂಗಸರನ್ನು ದೂರ ಕೂರಿಸಿ ಬಂದ. ಕವೆಗೋಲಿನ ಒಂದು ತುದಿಯನ್ನು ಅವನೇ ಹಿಡಿದುಕೊಂಡ.

"ಹಾಕ್ಲಾ."

ಹಿಟ್ಟು ಸುರಿದರು. ಎಡಗಾಲು ಮುಂದಿಟ್ಟೆ. ಕೋಲು ಹಾಕಿ ಎಳೆದೆ. ಗಟ್ಟಿಯಾಗುತ್ತಾ ಬಂದ ಹಿಟ್ಟು ಕೋಲನ್ನು ಹಿಡಿದುಕೊಳ್ಳುತ್ತದೆ, ಆ ಹಿಡಿತ ನನ್ನ ತೋಳಿಗೆ ಎಷ್ಟು ಪರಿಚಿತವೋ! ಹಿಂದಿದ್ದ ಬಲಗಾಲು ಪ್ರತಿ ತಿರುವಿಗೂ ಒಸಿ ತಿರುಗಿ, ಮತ್ತೆ ನೆಟ್ಟಗಾಯಿತು. ಸದ್ದಿಲ್ಲ. ಬೆವರು ಕಣ್ಣಿಗೆ ಇಳಿಯಿತು, ಹೊಗೆ ಮುಖಕ್ಕೆ ಹೊಡೆಯಿತು. ಎದುರಿಗೆ ಚೆಲುವರಾಜು ಪಾತ್ರೆ ನೋಡದೆ ನನ್ನ ಕಾಲನ್ನೇ ನೋಡುತ್ತಿದ್ದ. ಹಿಟ್ಟು ಪಾತ್ರೆಯ ಅಂಚು ಬಿಟ್ಟು ಒಂದೇ ಉಂಡೆಯಾಗಿ ಎದ್ದಿತು. ಕೋಲು ತೆಗೆದು ಉಸಿರು ಬಿಟ್ಟೆ.

"ಎರಡ್ನೇ ಪಾತ್ರೆ ನಂದು" ಅಂದ ಅವನು. "ನೀನ್ ಹೋಗಿ ಕಾಲು ಬಿಚ್ಚಿ ನೋಡ್ಕೊ. ಜಯಕ್ಕ ನಂಗೆ ಫೋನ್ ಮಾಡಿ ಹೇಳವ್ರೆ."

ಅಲ್ಲಿಂದ ನಮ್ಮದು ಅದೇ ಲೆಕ್ಕ: ಒಂದು ಪಾತ್ರೆ ನಾನು, ಒಂದು ಅವನು. ನಡುವೆ ನಾನು ಕೂತು, ಕಾಲು ಬಿಚ್ಚಿ, ಚರ್ಮ ಒರೆಸಿ, ನೋಡಿ, ಮತ್ತೆ ಹಾಕಿಕೊಳ್ಳುತ್ತೇನೆ. ಮೊದಮೊದಲು ಶಾಮಿಯಾನದ ಹಿಂದೆ ಹೋಗುತ್ತಿದ್ದೆ. ಈಗ ಇದ್ದಲ್ಲೇ ಕೂರುತ್ತೇನೆ. ನೋಡುವವರು ನೋಡಲಿ. ಎರಡು ಸಲ ಹುಣ್ಣಾಗಿ ತಿಂಗಳುಗಟ್ಟಲೆ ಮನೆಯಲ್ಲಿ ಕೂತದ್ದೂ ಉಂಟು. ಒಮ್ಮೆ ಆ ತಿರುಗುವ ತುಂಡು ಸವೆದು ಬದಲಿಸಬೇಕಾಯಿತು. ಸುಷ್ಮಾ "ನಾನ್ ಹೇಳ್ಳಿಲ್ವಾ" ಅಂದಳು. ಪಾದ ಮಾತ್ರ ಹಾಗೇ ಇದೆ. ಇವತ್ತು ಬೆಳಿಗ್ಗೆ ನನ್ನ ತೂಕ ನೂರ ಹದಿನಾಲ್ಕು. ಯಾರು ಕೇಳಿದರೂ ಹೇಳುತ್ತೇನೆ.

ಹೋದ ತಿಂಗಳು ಬಿಡದಿಯ ಹತ್ತಿರ ಒಂದು ಬೀಗರ ಊಟ. ಆರುನೂರು ಎಲೆ. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಬಿಳಿ ತಲೆಯ ಅಜ್ಜಿಯೊಬ್ಬಳು, ಗಂಡಿನ ಕಡೆಯವಳಂತೆ, ಕೈ ಕೂಡ ತೊಳೆಯದೆ ಅಡುಗೆಯ ಜಾಗಕ್ಕೆ ನುಗ್ಗಿ ಬಂದಳು. ನಾನು ಪ್ಯಾಂಟು ಮಡಚಿಕೊಂಡು ಪಾತ್ರೆಯ ಪಕ್ಕ ನಿಂತಿದ್ದೆ. ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಕಾಲಿನ ಮಾತು ಬರುತ್ತದೆ ಎಂದು ನಾನು ಸಿದ್ಧನಾದೆ.

"ಹಿಟ್ಟು ತೊಳಸ್ದೋನು ಯಾವನಪ್ಪ?"

"ನಾನೇ ಕಣಜ್ಜಿ."

ಅವಳು ಎಂಜಲು ಕೈಯನ್ನು ನನ್ನ ಮುಖದ ಮುಂದೆ ಹಿಡಿದಳು. ಬೆರಳ ತುದಿಯಲ್ಲಿ ಸಾಸಿವೆ ಗಾತ್ರದ ಒಂದು ಹಸಿ ಹಿಟ್ಟಿನ ಗಂಟು.

"ಇದೇನಿದು? ಇಷ್ಟು ಗಾತ್ರ ಬೆಳ್ದಿದ್ದೀಯ, ಎರಡು ಕಾಲು ಊರಿ ನೆಟ್ಟಗೆ ತೊಳ್ಸಕ್ಕಾಗಕಿಲ್ವಾ ನಿಂಗೆ?"

ಚೆಲುವರಾಜು ಸೌಟು ಕೆಳಗಿಟ್ಟು ಮುಖ ಆ ಕಡೆ ತಿರುಗಿಸಿಕೊಂಡ. ಅವನ ಬೆನ್ನು ಕುಲುಕುತ್ತಿತ್ತು.

"ತಪ್ಪಾಯ್ತು ಕಣಜ್ಜಿ" ಅಂದೆ. "ಮುಂದಿನ ಪಂಕ್ತಿಗೆ ಸರಿಯಾಗಿ ತೊಳಸ್ತೀನಿ."

"ತೊಳ್ಸು" ಅಂದು ಅವಳು ಕೈ ತೊಳೆಯಲು ಹೋದಳು. ಒಲೆಯ ಮೇಲೆ ನೀರು ಮರಳುತ್ತಿತ್ತು. ಆ ಪಾತ್ರೆ ಚೆಲುವರಾಜುವಿನದು. ನಾನು ಕೋಲು ಅವನಿಗೆ ಕೊಡಲಿಲ್ಲ.